ಈರಣ್ಣನ ಈರುಳ್ಳಿ, ಅಣ್ಣನ ಉಳ್ಳಾಗಡ್ಡಿ

ಉಳ್ಳಾಗಡ್ಡಿ ಮತ್ತು ಈರುಳ್ಳಿ ಒಂದೇ ಪದಾರ್ಥವೆಂಬ ಮಾತನ್ನು ನಮ್ಮ ಅತ್ತೆಯವರು ಕೊನೆಯವರೆಗೂ ನಂಬಲಿಲ್ಲ. ಅಣ್ಣಿಗೇರಿಯ ನಮ್ಮ ಮನೆಯಲ್ಲಿ ಸಂಜೆ ರೇಡಿಯೋದಲ್ಲಿ ಪೇಟೆಯ ಧಾರಣೆ ಓದುವಾಗ ‘ಈರುಳ್ಳಿ’ ಎಂಬ ಹೆಸರು ಬರುತ್ತಿತ್ತು. ಅದು ಬೆಂಗಳೂರು ಕಡೆಯವರು ತಿನ್ನುವ ಯಾವುದೋ ನಾಜೂಕಿನ ಕಾಯಿಪಲ್ಲೆ ಇರಬೇಕೆಂದು ಅವರು ಬಹಳ ವರ್ಷ ತಿಳಿದಿದ್ದರು. ಮುಂದೆ ಅವರ ಕಿರಿಯ ಮಗ, ಅಂದರೆ ನನ್ನ ಮೈದುನ ಈರಣ್ಣ, ಸೊಲ್ಲಾಪುರದ ಕಡೆಯಿಂದ ಲಾರಿಗಟ್ಟಲೆ ಉಳ್ಳಾಗಡ್ಡಿ ತರಿಸಿ ಮಾರತೊಡಗಿದ. ಆಗ ಅತ್ತೆಯವರ ಸಂಶಯ ತಾನಾಗಿಯೇ ಬಗೆಹರಿಯಿತು. ಈರಣ್ಣ ತಂದದ್ದು ಈರುಳ್ಳಿ, ಉಳಿದವರು ಬೆಳೆದದ್ದು ಉಳ್ಳಾಗಡ್ಡಿ. ಶಬ್ದದ ಹುಟ್ಟನ್ನು ಹುಡುಕುವ ಪಂಡಿತರು ಇದಕ್ಕಿಂತ ಸರಳವಾದ ದಾರಿ ತೋರಿಸಿದ್ದನ್ನು ನಾನು ಕಂಡಿಲ್ಲ.

ಅವರ ಗೊಂದಲ ಮುಗಿದ ದಿನವೇ ನನ್ನದು ಶುರುವಾಯಿತು. ಯಾಕೆಂದರೆ ಆ ‘ಉಳಿದವರಲ್ಲಿ’ ನನ್ನ ಒಡಹುಟ್ಟಿದ ಅಣ್ಣನೂ ಇದ್ದ.

ನನ್ನ ತವರು ಶಲವಡಿ. ಅಣ್ಣಿಗೇರಿಯಲ್ಲಿ ಬಸ್ಸು ಹತ್ತಿ, ಪಕ್ಕದಲ್ಲಿ ಕೂತವರ ಊರು, ಮಕ್ಕಳು, ಮೊಣಕಾಲು ನೋವು ವಿಚಾರಿಸುವುದರೊಳಗೆ ಬಂದುಬಿಡುತ್ತದೆ. ಅಲ್ಲಿ ಅಣ್ಣ ಮಲ್ಲಪ್ಪ ಎರೆಹೊಲದಲ್ಲಿ ಹತ್ತಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಮೂರನ್ನೂ ಒಟ್ಟಿಗೇ ಬೆಳೆಯುತ್ತಿದ್ದ. ಹೊಸಬರಿಗೆ ಆ ಹೊಲ ಹುಚ್ಚರ ಸಂತೆಯಂತೆ ಕಾಣುತ್ತದೆ. ಆದರೆ ಅದರೊಳಗೊಂದು ಸರದಿ ಇದೆ. ಮೊದಲು ಉಳ್ಳಾಗಡ್ಡಿ ನೆಲ ಬಿಟ್ಟು ಹೊರಗೆ ಬರುತ್ತದೆ, ಆಮೇಲೆ ಮೆಣಸಿನಕಾಯಿ ಕೆಂಪಾಗುತ್ತದೆ, ಎಲ್ಲರೂ ಹೋದ ಮೇಲೆ ಹತ್ತಿ ನಿಧಾನವಾಗಿ ಬಾಯಿ ಬಿಡುತ್ತದೆ. ಉಳ್ಳಾಗಡ್ಡಿ ಸರಿಯಾಗಿ ದೀಪಾವಳಿಯ ಹೊತ್ತಿಗೆ ಬರುವುದರಿಂದ ಮನೆಯ ಹಬ್ಬ, ಹೊಸ ಬಟ್ಟೆ, ಕೂಲಿಯವರ ಹಬ್ಬ ಎಲ್ಲವೂ ಅದರ ಮೇಲೆಯೇ ನಿಂತಿತ್ತು. ನಮ್ಮ ಹೊಲದ ಗಡ್ಡೆ ಚಿಕ್ಕದು, ಕಡುಗೆಂಪು, ಬಲು ಖಾರ. ನಾನು ಹೆಚ್ಚಲು ಕೂತರೆ ಪಡಸಾಲೆಯಲ್ಲಿದ್ದವರೂ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೊಸದಾಗಿ ಮದುವೆಯಾದಾಗ, ತವರನ್ನು ನೆನೆದು ಅಳುತ್ತಿದ್ದಾಳೆಂದು ಮಾವನವರು ಸಮಾಧಾನ ಹೇಳಲು ಅಡುಗೆಮನೆಯ ಬಾಗಿಲವರೆಗೆ ಬಂದು, ತಾವೂ ಅಳುತ್ತ ಹಿಂತಿರುಗಿದ್ದುಂಟು.

ಇನ್ನು ಈರಣ್ಣ. ಇಷ್ಟು ಒಳ್ಳೆಯ ಹುಡುಗ ಕೈ ಹಾಕಿದ ಕೆಲಸವೆಲ್ಲ ಯಾಕೆ ಕೆಡುತ್ತದೆ ಎಂಬುದು ಮನೆಯವರಿಗೆಲ್ಲ ಒಗಟಾಗಿತ್ತು. ಸೈಕಲ್ ಬಾಡಿಗೆ ಅಂಗಡಿ ಇಟ್ಟರೆ ಗೆಳೆಯರೇ ಸೈಕಲ್ ಒಯ್ದರು. ರೇಡಿಯೋ ರಿಪೇರಿ ಕಲಿತರೆ ನಮ್ಮ ಮನೆಯ ರೇಡಿಯೋವೇ ಕೆಲವು ತಿಂಗಳು ಮೂಕವಾಯಿತು. ಒಂದು ಸಲ ಅತ್ತೆಯವರು ಹರಕೆ ತೀರಿಸಲು ಸೊಲ್ಲಾಪುರದ ದೇವರಿಗೆ ಹೋಗುವಾಗ ಇವನೂ ಜೊತೆಗೆ ಹೋದ. ನಮ್ಮೂರ ಸ್ಟೇಷನ್ನಿನಲ್ಲಿ ಕೂತರೆ ಗದಗ, ವಿಜಾಪುರ ಹಾದು ಭೀಮೆಯನ್ನು ದಾಟಿ ರೈಲು ನೆಟ್ಟಗೆ ಅಲ್ಲಿಗೇ ಹೋಗುತ್ತದೆ. ಎಲ್ಲಿ ನಮ್ಮ ರಾಜ್ಯ ಮುಗಿಯಿತು, ಎಲ್ಲಿ ಅವರದು ಶುರುವಾಯಿತು ಎಂಬುದು ನಿದ್ದೆ ಮಾಡಿದವರಿಗಿರಲಿ, ಎಚ್ಚರವಿದ್ದವರಿಗೂ ತಿಳಿಯುವುದಿಲ್ಲ. ಅತ್ತೆ ಗುಡಿಯಲ್ಲಿದ್ದಾಗ ಈರಣ್ಣ ಪೇಟೆ ನೋಡಲು ಹೋಗಿದ್ದಾನೆ. ಅಲ್ಲಿ ಒಣಗಿ ಗರಿಗರಿಯಾದ, ಮುಷ್ಟಿ ಗಾತ್ರದ ಉಳ್ಳಾಗಡ್ಡಿಯ ಗುಡ್ಡಗಳನ್ನು ಕಂಡಿದ್ದಾನೆ. ದರ ಕೇಳಿ, ನಮ್ಮ ಸಂತೆಯ ದರ ನೆನಪಿಸಿಕೊಂಡು ಅಲ್ಲೇ ಕೂತುಬಿಟ್ಟನಂತೆ. ಅತ್ತೆ ಪ್ರಸಾದ ತಂದರು, ಇವನು ವ್ಯಾಪಾರ ತಂದ.

ಮೊದಲ ಲಾರಿ ಬಂದ ದಿನ ಅತ್ತೆ ಅದಕ್ಕೆ ಆರತಿ ಬೆಳಗಿದರು. ಪರರಾಜ್ಯದ ಮಾಲು ಎಂದು ಯಾರೋ ಅಂದದ್ದಕ್ಕೆ ಅವರಿಗೆ ಸಿಟ್ಟು ಬಂತು. ದೇವರ ಊರಿನಿಂದ ಬಂದದ್ದು ಪರರದ್ದು ಹೇಗಾಗುತ್ತದೆ ಎಂಬುದು ಅವರ ವಾದ. ಈರಣ್ಣನ ಮುಖ ನೋಡಿ ನನಗೂ ಸಂತೋಷವಾಯಿತು. ಅವನು ಕೈ ಹಾಕಿದ ಕೆಲಸವೊಂದು ಕೊನೆಗೂ ಕೈಹತ್ತಿತ್ತು. ಸಂಜೆಯೊಳಗೆ ಚೀಲಗಳೆಲ್ಲ ಖಾಲಿಯಾಗಿ ಅವನು ಮನೆಗೆ ಬಂದು, “ವೈನಿ, ಇನ್ನ ಮ್ಯಾಲ ನನಗ ಯಾರೂ ಉಂಡಾಡಿ ಅನ್ನಂಗಿಲ್ಲ,” ಎಂದಾಗ ನಾನು ಸಕ್ಕರೆ ಕೊಟ್ಟೆ. ಅದು ಬೇಸಿಗೆ. ಆಗ ನಮ್ಮ ಕಡೆ ಯಾರ ಮನೆಯಲ್ಲೂ ಉಳ್ಳಾಗಡ್ಡಿ ಉಳಿದಿರುವುದಿಲ್ಲ. ನಮ್ಮದು ಮಳೆಗಾಲದ ಬೆಳೆ, ಮೈಯಲ್ಲಿ ನೀರು ಹೆಚ್ಚು, ಇಟ್ಟರೆ ಕೊಳೆಯುತ್ತದೆ. ಅವರದು ಚಳಿಗಾಲದಲ್ಲಿ ನೀರು ಹಾಯಿಸಿ ಬೆಳೆದು ಗಾಳಿಯಾಡುವ ತಟ್ಟಿಯ ಮನೆಗಳಲ್ಲಿ ಕೂಡಿಟ್ಟದ್ದು. ಹಾಗಾಗಿ ಬೇಸಿಗೆಯಲ್ಲಿ ಬಂದ ಈರಣ್ಣನ ಲಾರಿ ಯಾರಿಗೂ ಅಡ್ಡ ಬರಲಿಲ್ಲ. ಅಣ್ಣನೇ ಒಂದು ಚೀಲ ಒಯ್ದಿದ್ದ.

ಅಡ್ಡ ಬಂದದ್ದು ದೀಪಾವಳಿಯ ಮುಂದೆ. ಆ ವರ್ಷ ಉಳ್ಳಾಗಡ್ಡಿ ಕೀಳುವ ಹೊತ್ತಿಗೆ ಮೂರು ಸಂಜೆ ಜಿಟಿಜಿಟಿ ಮಳೆ ಹಿಡಿಯಿತು. ಎರೆಮಣ್ಣು ಗಡ್ಡೆಗೆ ಮೆತ್ತಿಕೊಂಡು ಅಣ್ಣನ ಮಾಲು ಹಸಿಹಸಿಯಾಗಿಯೇ ಸಂತೆಗೆ ಬಂತು. ಆ ಕಡೆ ಸೊಲ್ಲಾಪುರದವರಿಗೆ ಹೊಸ ಬಿತ್ತನೆಯ ಮುಂಚೆ ತಟ್ಟಿಮನೆಗಳನ್ನು ಖಾಲಿ ಮಾಡಬೇಕಾಗಿತ್ತು. ಕೊಟ್ಟಷ್ಟಕ್ಕೆ ಕೊಡುತ್ತೇವೆಂದು ಅವರು ಹೇಳಿ ಕಳಿಸಿದರು, ಈರಣ್ಣ ಲಾರಿ ತರಿಸಿದ. ಅವನನ್ನು ನೋಡಿ ಬೇರೆ ವ್ಯಾಪಾರಿಗಳೂ ತರಿಸಿದರು. ಅಣ್ಣಿಗೇರಿಯ ಸಂತೆಯಲ್ಲಿ ಒಂದು ಬದಿಗೆ ಹೊಳೆಯುವ ಒಣ ಗಡ್ಡೆ, ಇನ್ನೊಂದು ಬದಿಗೆ ಮಣ್ಣು ಮೆತ್ತಿದ ಹಸಿ ಗಡ್ಡೆ. ಕೊಳ್ಳುವವರಿಗೆ ಯೋಚನೆ ಮಾಡುವ ಕೆಲಸವೇ ಇರಲಿಲ್ಲ. ಶಲವಡಿಯ ಚಕ್ಕಡಿಗಳು ಮಧ್ಯಾಹ್ನದವರೆಗೆ ಕಾದು, ಬಂದ ದರಕ್ಕೆ ಸುರಿದು ಹೋದವು. ಅಣ್ಣ ಸುರಿಯಲೂ ಇಲ್ಲ. ತುಂಬಿದ ಚಕ್ಕಡಿಯನ್ನು ಹಾಗೆಯೇ ಹೊಡೆದುಕೊಂಡು ನಮ್ಮ ಮನೆಯ ಮುಂದಿನಿಂದ ಹಾದುಹೋದ. ಎತ್ತುಗಳಿಗೆ ನಮ್ಮ ಬಾಗಿಲು ರೂಢಿ, ಅವು ಒಂದು ಗಳಿಗೆ ನಿಂತವು. ಅಣ್ಣ ಹಗ್ಗ ಜಗ್ಗಿದ. ನಾನು ತಂಬಿಗೆಯಲ್ಲಿ ನೀರು ಹಿಡಿದು ಹೊರಗೆ ಬರುವುದರೊಳಗೆ ಚಕ್ಕಡಿ ಓಣಿಯ ತಿರುವಿನಲ್ಲಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಇದೆಲ್ಲವನ್ನೂ ನನಗೆ ವಿವರಿಸಿದರು. ಅವರು ಹೈಸ್ಕೂಲಿನಲ್ಲಿ ಸಮಾಜ ಪಾಠ ಕಲಿಸುವವರು. ಪೂರೈಕೆ ಹೆಚ್ಚಿದಾಗ ಬೆಲೆ ಇಳಿಯುತ್ತದೆ, ಬೆಲೆ ಇಳಿದಾಗ ಬೇಡಿಕೆ ಏರುತ್ತದೆ, ಕೊನೆಗೆ ಎರಡೂ ಒಂದು ಕಡೆ ಬಂದು ನಿಲ್ಲುತ್ತವೆ ಎಂದು ರೊಟ್ಟಿಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. ಜೀವನದಲ್ಲಿ ಒಮ್ಮೆಯೂ ಸಂತೆ ಮಾಡಿದವರಲ್ಲ, ಆದರೆ ಗೆರೆ ಮಾತ್ರ ಬಹಳ ಚಂದ ಎಳೆದರು. ಆ ಎರಡು ಗೆರೆ ಕೂಡುವ ಜಾಗದಲ್ಲಿ ನನ್ನ ಅಣ್ಣ ನಿಂತಿರುತ್ತಾನೋ ನಿಮ್ಮ ತಮ್ಮ ನಿಂತಿರುತ್ತಾನೋ ಎಂದು ನಾನು ಕೇಳಿದೆ. ಅದು ಪಾಠದಲ್ಲಿ ಬರುವುದಿಲ್ಲವೆಂದು ಹೇಳಿ ಅವರು ಮಜ್ಜಿಗೆ ಹಾಕಿಸಿಕೊಂಡರು.

ಪಾಠದಲ್ಲಿ ಬಾರದ್ದು ಸಂತೆಯಲ್ಲಾದರೂ ತಿಳಿಯಬಹುದೆಂದು ನಾನು ನೋಡುತ್ತ ಹೋದೆ. ತಿಳಿಯಲಿಲ್ಲ. ಹನುಮವ್ವ ಎಂಬಾಕೆ ನಮ್ಮ ಅಣ್ಣನ ಹೊಲದಲ್ಲಿ ಪ್ರತಿವರ್ಷ ಉಳ್ಳಾಗಡ್ಡಿ ಕೀಳಲು ಬರುವವಳು. ಸೊಪ್ಪು ಕೊಯ್ಯುವುದರಲ್ಲಿ ಅವಳಷ್ಟು ಚುರುಕು ಕೈ ಇಲ್ಲ. ದರ ಬಿದ್ದ ಮೇಲೆ ಅಣ್ಣ ಕೆಲವು ಸಾಲುಗಳನ್ನು ಕೀಳಿಸದೆ ಬಿಟ್ಟುದರಿಂದ ಅವಳ ಕೂಲಿಯೂ ಅಲ್ಲಿಗೇ ನಿಂತಿತ್ತು. ಅವಳು ಮುಂದಿನ ಸಂತೆಯಲ್ಲಿ ಈರಣ್ಣನ ರಾಶಿಯ ಮುಂದೆ ಕೂತು ಗಡ್ಡೆ ಆರಿಸುತ್ತಿದ್ದಳು. ನಾನು ಸುಮ್ಮನಿರಲಾರದೆ, ಇದರಿಂದಲೇ ನಿನ್ನ ಕೆಲಸ ಹೋಯಿತಲ್ಲ ಎಂದೆ. ಅವಳು ಆರಿಸುವುದನ್ನು ನಿಲ್ಲಿಸಲಿಲ್ಲ.

“ಹೊಲದಾಗ ಇದ್ದಾಗ ದರ ಏರಲಿ ಅಂತೀನ್ರಿ ಅಕ್ಕಾರ. ಸಂತ್ಯಾಗ ಕುಂತಾಗ ಇಳೀಲಿ ಅಂತೀನಿ. ಎರಡೂ ನಾನ ಅಲ್ರಿ?”

ಅವಳ ಉಡಿ ತುಂಬಿತ್ತು. ಆ ವಾರ ಅವಳ ಮಕ್ಕಳು ರೊಟ್ಟಿಯ ಜೊತೆ ಹೊಟ್ಟೆ ತುಂಬ ಉಳ್ಳಾಗಡ್ಡಿ ತಿಂದಿರಬೇಕು. ಮುಂದಿನ ವಾರ ರೊಟ್ಟಿಗೆ ಏನು ಮಾಡಿದಳೋ ನಾನು ಕೇಳಲಿಲ್ಲ. ಸಂತೆಯಿಂದ ಅಣ್ಣನ ಪಕ್ಷ ಹಿಡಿದು ಹೊರಟವಳು, ದಾರಿಯಲ್ಲಿ ಹನುಮವ್ವನ ಉಡಿ ನೆನಪಾಗಿ ಈರಣ್ಣನ ಪಕ್ಷಕ್ಕೆ ಬಂದೆ. ಮನೆಯ ಬಾಗಿಲಲ್ಲಿ ಎತ್ತು ನಿಂತ ಜಾಗ ನೋಡಿ ಮತ್ತೆ ಅಣ್ಣನ ಪಕ್ಷ ಸೇರಿದೆ.

ಅಡುಗೆಮನೆಯ ಕಷ್ಟ ಬೇರೆ. ಅಣ್ಣ ಸಿಟ್ಟಿನಲ್ಲಿದ್ದರೂ ತಂಗಿಯ ಮನೆಗೆ ವರ್ಷದ ಚೀಲ ಕಳಿಸಿದ್ದ. ಪಕ್ಕದಲ್ಲೇ ಈರಣ್ಣನ ಚೀಲ. ಅಣ್ಣನದನ್ನು ಮೊದಲು ಬಳಸದಿದ್ದರೆ ಕೊಳೆಯುತ್ತದೆ. ಅದನ್ನೇ ಬಳಸಿದರೆ ಅತ್ತೆಯವರಿಗೆ, ಮಗನ ಮಾಲು ಸೊಸೆಗೆ ಬೇಡವಾಯಿತೆಂಬ ಅನುಮಾನ. ಕಡೆಗೆ ನಾನು ಎರಡನ್ನೂ ಕೂಡಿಸಿ ಹೆಚ್ಚತೊಡಗಿದೆ. ಒಗ್ಗರಣೆಯಲ್ಲಿ ಬಿದ್ದ ಮೇಲೆ ಯಾವುದು ಯಾವ ರಾಜ್ಯದ್ದೆಂದು ಹೇಳಲು ಯಾರಿಂದ ಸಾಧ್ಯ? ಆದರೆ ಕಣ್ಣೀರು ಮಾತ್ರ ಶಲವಡಿಯದೇ, ಅದರಲ್ಲಿ ನನಗೆ ಸಂಶಯವಿರಲಿಲ್ಲ.

ಮುಂದಿನ ನಾಗರ ಪಂಚಮಿ ಬಂತು. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರು, ಜೋಕಾಲಿ, ಬೆಲ್ಲದ ಉಂಡಿ. ಅಣ್ಣ ತಾನೇ ಬಂದು ಕರೆದೊಯ್ಯಬೇಕು. ಆ ಸಲ ಅಣ್ಣ ಬರಲಿಲ್ಲ. ಶಲವಡಿಯಿಂದ ಬಂದ ಬಳೆಗಾರನ ಕೈಯಲ್ಲಿ, ತಂಗಿಗೆ ಬಸ್ಸಿಗೆ ಬರಲು ಹೇಳು ಎಂದಷ್ಟೇ ಹೇಳಿ ಕಳಿಸಿದ್ದ. ನಾನು ಹೋಗುವುದಿಲ್ಲವೆಂದು ಹಟ ಹಿಡಿದು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೋದೆ. ಅಣ್ಣ ಹೊಲದಿಂದ ಬಂದು ಕಾಲು ತೊಳೆದುಕೊಂಡು ಎದುರಿಗೆ ಕೂತ. ಮಕ್ಕಳನ್ನು ವಿಚಾರಿಸಿದ, ನಮ್ಮ ಮನೆಯವರನ್ನು ವಿಚಾರಿಸಿದ, ಅತ್ತೆಯವರ ಕಾಲುನೋವು ವಿಚಾರಿಸಿದ. ಈರಣ್ಣನ ಹೆಸರು ಮಾತ್ರ ಬರಲಿಲ್ಲ. ಕೊನೆಗೆ ನಾನೇ ತೆಗೆದೆ.

“ಅಂವನ ಮ್ಯಾಲ ನನಗ ಸಿಟ್ಟಿಲ್ಲ ತಂಗಿ,” ಅಂದ ಅಣ್ಣ. “ಸಿಟ್ಟು ಯಾರ ಮ್ಯಾಲ ಮಾಡಬೇಕು ಅನ್ನೂದು ತಿಳಿವಲ್ದು. ಅದಕ್ಕ ನಿಮ್ಮ ಮನಿಗೆ ಬರವಲ್ಲೆ.”

ಅಣ್ಣ ಜಗಳವಾಡಿದ್ದರೆ ಹಗುರಾಗುತ್ತಿತ್ತು. ಜಗಳಕ್ಕೆ ಒಬ್ಬ ಎದುರಾಳಿ ಬೇಕು. ಇಲ್ಲಿ ಎದುರಾಳಿ ಸೊಲ್ಲಾಪುರದಾಚೆ ಎಲ್ಲೋ, ಹೆಸರಿಲ್ಲದ, ಮುಖವಿಲ್ಲದ, ನಮ್ಮ ಜಗಳದ ಸುದ್ದಿಯೇ ಗೊತ್ತಿಲ್ಲದ ಮನುಷ್ಯ.

ಆ ಮನುಷ್ಯ ಅದೇ ವರ್ಷ ದಸರೆ ಕಳೆದ ಮೇಲೆ ನಮ್ಮ ಮನೆಗೇ ಬಂದ. ಈರಣ್ಣ ಸ್ಟೇಷನ್ನಿನಿಂದ ಕರೆತಂದ. ಐವತ್ತು ದಾಟಿದ ರೈತ, ತಲೆಗೆ ಬಿಳಿ ಟೊಪ್ಪಿಗೆ, ಎಲ್ಲರೂ ಅವನನ್ನು ತಾತ್ಯಾ ಎನ್ನುತ್ತಿದ್ದರಂತೆ. ಅವನ ತಾಯಿ ನಮ್ಮ ಸೀಮೆಯ ಕಡೆಯವಳಾದ್ದರಿಂದ ಕನ್ನಡ ಬರುತ್ತಿತ್ತು, ಮರಾಠಿಯ ಕಡೆ ವಾಲುತ್ತ ಬರುತ್ತಿತ್ತು. ಈರಣ್ಣ ಮೊದಲಿನಿಂದಲೂ ಮಾಲು ಕೊಳ್ಳುತ್ತಿದ್ದುದು ಇವನಲ್ಲಿಯೇ. ಆ ವರ್ಷ ಅವರ ಕಡೆ ಮಳೆ ಬಿಡದೆ ಹೊಡೆದು, ತಟ್ಟಿಮನೆಗಳೊಳಗೆ ನೀರು ಹೊಕ್ಕು ಕೂಡಿಟ್ಟ ಗಡ್ಡೆಯೆಲ್ಲ ಕೊಳೆತುಹೋಗಿತ್ತು. ಹೊಲದಲ್ಲಿದ್ದದ್ದೂ ಹಾಳಾಗಿತ್ತು. ಅವರ ಪೇಟೆಯಲ್ಲಿ ಉಳ್ಳಾಗಡ್ಡಿಯೇ ಇಲ್ಲ. ಮಾಲು ಕೊಡುತ್ತೇನೆಂದು ಅಲ್ಲಿನ ವ್ಯಾಪಾರಿಗಳಿಗೆ ಮಾತು ಕೊಟ್ಟುಬಿಟ್ಟಿದ್ದ ತಾತ್ಯಾ ಈಗ ಕೊಳ್ಳಲು ಬಂದಿದ್ದ. ಶಲವಡಿಯ ಬೆಳೆ ಆ ವರ್ಷ ಚೆನ್ನಾಗಿತ್ತು.

ರೊಟ್ಟಿ, ಬದನೆಕಾಯಿ ಪಲ್ಲೆ ಬಡಿಸಿದೆ. ತಾತ್ಯಾ ಊಟದ ಮುಂಚೆ ಎಲೆಯ ಬದಿಗಿಟ್ಟ ನಮ್ಮ ಕೆಂಪು ಗಡ್ಡೆಯನ್ನು ಎತ್ತಿ ಮೂಸಿ ನೋಡಿ, ಮುಷ್ಟಿಯಿಂದ ಗುದ್ದಿ ಒಡೆದು, ಬಾಯಿಗೆ ಹಾಕಿಕೊಂಡು ಕಣ್ಣೊರೆಸಿಕೊಂಡ. ಥೇಟು ನನ್ನ ಅಣ್ಣನ ಹಾಗೆಯೇ ಬೆರಳುಗಳ ಸಂದಿಯಲ್ಲಿ ಮಣ್ಣಿನ ಕಪ್ಪು ಗೆರೆಗಳು. ಇವನನ್ನು ಮನಸ್ಸಿನಲ್ಲಿ ಒಂದು ವರ್ಷ ಬೈದದ್ದಕ್ಕೆ ನನಗೆ ಸಂಕೋಚವಾಗಿ ಇನ್ನೊಂದು ರೊಟ್ಟಿ ಹಾಕಿದೆ. ಊಟ ಮುಗಿದ ಮೇಲೆ ಈರಣ್ಣ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ. ತಾನೊಬ್ಬನೇ ಹೋದರೆ ಮಲ್ಲಪ್ಪಣ್ಣ ಮಾತಾಡಿಸುವುದಿಲ್ಲ, ವೈನಿ ಜೊತೆಗೆ ಬರಬೇಕು.

ಹಾಗೆ ನಾನು ಲಾರಿಯ ಮುಂದಿನ ಸೀಟಿನಲ್ಲಿ, ಒಂದು ಕಡೆ ಮೈದುನ, ಇನ್ನೊಂದು ಕಡೆ ಪರಸೀಮೆಯ ರೈತ, ನಡುವೆ ಸೆರಗು ಬಿಗಿ ಹಿಡಿದು ತವರಿಗೆ ಹೋದೆ. ನಾನು ಲಾರಿಯಿಂದ ಇಳಿದದ್ದನ್ನು ಶಲವಡಿಯ ಜನ ಬಹಳ ದಿನ ಹೇಳಿಕೊಂಡು ನಕ್ಕರು.

ಅಣ್ಣ ಹೊಲದಲ್ಲಿದ್ದ. ಹನುಮವ್ವನೂ ಇನ್ನೂ ಕೆಲವು ಹೆಂಗಸರೂ ಸೊಪ್ಪು ಕೊಯ್ಯುತ್ತಿದ್ದರು. ಈರಣ್ಣನನ್ನು ಕಂಡು ಅಣ್ಣ ಬೇರೆ ಕಡೆ ನೋಡಿದ. ಇವರು ಸೊಲ್ಲಾಪುರದ ಕಡೆಯವರು ಎಂದು ನಾನು ಹೇಳಿದಾಗ ಅವನ ಮುಖ ಬಿಗಿಯಾಯಿತು. ತಾತ್ಯಾ ರಾಶಿಯ ಬಳಿ ಕೂತು, ಗಡ್ಡೆಯ ಮಣ್ಣು ಒರೆಸಿ ಅದನ್ನು ಬಿಸಿಲಿಗೆ ಹಿಡಿದ. ಆಮೇಲೆ ತನ್ನ ತಟ್ಟಿಮನೆಯ ವಿಷಯ ಹೇಳಿದ. ವಾಸನೆ ತಡೆಯಲಾರದೆ ಮನೆಯವರು ಹಿತ್ತಿಲ ಬಾಗಿಲು ಹಾಕಿಕೊಂಡು ಕೂತಿದ್ದು, ಕೊಳೆತದ್ದನ್ನು ಗಾಡಿ ಗಾಡಿ ಹೇರಿ ಹಳ್ಳಕ್ಕೆ ಸುರಿದದ್ದು. ಅಣ್ಣ ಸ್ವಲ್ಪ ಹೊತ್ತು ನಿಂತೇ ಕೇಳಿದ. ಆಮೇಲೆ ತಾನೂ ರಾಶಿಯ ಈಚೆ ಬದಿಗೆ ಕುಕ್ಕರಗಾಲಿನಲ್ಲಿ ಕೂತ.

“ಹೋದ ವರ್ಷ ನಿಮ್ಮ ಮಾಲು ಬಂದು ನಮ್ಮ ದರ ಕೆಡಿಸಿತು,” ಅಂದ.

“ಹೌದ್ರಿ, ಈರಣ್ಣ ಸಾಂಗಿದಾ, ಹೇಳಿದಾ,” ಅಂದ ತಾತ್ಯಾ. “ನಮ್ಮ ಪೇಟಿಗೆ ಮ್ಯಾಲಿನ ಸೀಮಿಯಿಂದ ಬಂದು ನಮ್ಮ ದರ ಕೆಡಸ್ತೈತ್ರಿ. ಅದಕ್ಕ ನಾವು ಇಕಡೆ ಕಳಿಸಿದೆವು.”

“ಅವರ ದರ ಯಾರು ಕೆಡಸ್ತಾರ?”

“ಗುಜರಾತ ಅಂತಾರ್ರಿ. ಅದರಾಚಿ ನಾ ಹೋಗಿಲ್ಲ.”

ಅಣ್ಣನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಒಂದು ವರ್ಷ ಹೊತ್ತುಕೊಂಡು ತಿರುಗಿದ ಸಿಟ್ಟನ್ನು ಇಳಿಸಲು ಜಾಗ ಸಿಗದೆ, ಗುಜರಾತಿನವರೆಗೆ ಹೋಗಿ ಬಂದವನ ನಗು ಅದು. ಮುಂದೆ ಮಾತು ತಟ್ಟಿಮನೆಯ ಕಡೆಗೆ ತಿರುಗಿತು. ಗಾಳಿ ಯಾವ ದಿಕ್ಕಿನಿಂದ ಹೊಗಬೇಕು, ನೆಲದಿಂದ ಎಷ್ಟು ಎತ್ತರ ಬೇಕು, ನಮ್ಮ ಮಳೆಗಾಲದ ಗಡ್ಡೆ ಅದರಲ್ಲಿ ತಡೆದೀತೇ. ಈರಣ್ಣ ಸ್ವಲ್ಪ ದೂರದಲ್ಲಿ ನಿಂತಿದ್ದ. ಅಣ್ಣ ಅವನ ಕಡೆ ನೋಡದೆಯೇ, ನಿಂತುಕೊಂಡು ಏನು ಮಾಡುತ್ತಿ, ತಕ್ಕಡಿ ತಾ ಎಂದ. ಈರಣ್ಣ ಓಡಿದ್ದನ್ನು ನೋಡಬೇಕಾಗಿತ್ತು.

ಆ ದೀಪಾವಳಿ ಶಲವಡಿಯಲ್ಲಿ ಜೋರಾಗಿ ನಡೆಯಿತು. ಲಾರಿಗಳು ತುಂಬಿಕೊಂಡು ಬಡಗಣ ದಿಕ್ಕಿಗೆ ಹೋದವು. ಅಣ್ಣ ನಮ್ಮ ಮನೆಗೆ ಬಂದು ಊಟ ಮಾಡಿದ, ಈರಣ್ಣನನ್ನು ಪಕ್ಕಕ್ಕೆ ಕೂಡಿಸಿಕೊಂಡ. ಕಥೆ ಇಲ್ಲಿಗೆ ಮುಗಿದಿದ್ದರೆ ನನ್ನ ತಲೆಯೂ ತಿಳಿಯಾಗಿರುತ್ತಿತ್ತು. ಆದರೆ ಹಬ್ಬದ ಮರುವಾರ ಹನುಮವ್ವ ಹಿತ್ತಿಲ ಬಾಗಿಲಿಗೆ ಬಂದಳು. ಕೈತುಂಬ ಕೂಲಿ ಸಿಕ್ಕಿತ್ತು, ಹೊಸ ಕುಪ್ಪಸ ತೊಟ್ಟಿದ್ದಳು. ಸಂತೆಯಲ್ಲಿ ಉಳ್ಳಾಗಡ್ಡಿ ಮುಟ್ಟುವ ಹಾಗಿಲ್ಲ, ಒಗ್ಗರಣೆಗೆ ಎರಡು ಗಡ್ಡೆ ಇದ್ದರೆ ಕೊಡಿರಿ ಎಂದಳು. ತಾನೇ ಕಿತ್ತು, ತಾನೇ ಸೊಪ್ಪು ಕೊಯ್ದು, ತಾನೇ ಚೀಲ ತುಂಬಿದ್ದು ಸೊಲ್ಲಾಪುರದವರ ಬಾಯಿಗೆ ಹೋಗಿತ್ತು. ನಾನು ಬುಟ್ಟಿಯಲ್ಲಿದ್ದದ್ದನ್ನು ಕೊಟ್ಟೆ. ನಮ್ಮ ಮನೆಯವರಿಗೆ ಹೇಳಿದಾಗ ಅವರು ಮತ್ತೆ ಗೆರೆ ಎಳೆಯಲು ಬೆರಳು ಎತ್ತಿದರು, ಯಾಕೋ ಎಳೆಯದೆ ಇಳಿಸಿದರು. ಅವರನ್ನು ನಾನು ಹೆಚ್ಚು ಗೌರವದಿಂದ ಕಂಡದ್ದು ಅಂದೇ.

ಗ್ರಂಥಗಳಲ್ಲಿ ಉಳ್ಳಾಗಡ್ಡಿಯನ್ನು ಬುದ್ಧಿ ಮಂಕು ಮಾಡುವ ಪದಾರ್ಥಗಳ ಸಾಲಿಗೆ ಸೇರಿಸಿದ್ದಾರೆಂದು ನಮ್ಮ ಓಣಿಯ ಶಾಸ್ತ್ರಿಗಳು ಹೇಳುತ್ತಿದ್ದರು. ತಿಂದರೆ ಮಂಕಾಗುತ್ತದೆಂದು ಅವರ ಅರ್ಥ. ತಿನ್ನುವುದಕ್ಕಿಂತ ಅದರ ದರದ ವಿಚಾರ ಮಾಡಿದರೆ ಇನ್ನೂ ಬೇಗ ಮಂಕಾಗುತ್ತದೆ ಎಂಬುದು ನನ್ನ ಅನುಭವ. ಯಾರಿಗೂ ಕೆಟ್ಟದ್ದಾಗದಂತೆ ಒಂದು ದರವನ್ನು ಮನಸ್ಸಿನಲ್ಲಿ ಕಟ್ಟಲು ನಾನು ಎಷ್ಟೋ ಮಧ್ಯಾಹ್ನ ಅಕ್ಕಿ ಆರಿಸುತ್ತ ಪ್ರಯತ್ನಿಸಿದ್ದೇನೆ. ಅಣ್ಣನನ್ನು ಕೂಡಿಸಿದರೆ ಹನುಮವ್ವ ಎದ್ದು ಹೋಗುತ್ತಾಳೆ, ಹನುಮವ್ವನನ್ನು ಕೂಡಿಸಿದರೆ ತಾತ್ಯಾ ಎದ್ದು ನಿಲ್ಲುತ್ತಾನೆ. ಈರಣ್ಣನೊಬ್ಬ ಎಲ್ಲಿ ಬೇಕಾದರೂ ಕೂರುತ್ತಾನೆ, ಅವನಿಗೆ ಲಾರಿ ಯಾವ ಕಡೆಗೆ ಮುಖ ಮಾಡಿದರೂ ಸರಿ.

ಮುಂದಿನ ವರ್ಷ ಮುಂಗಾರಿನ ಮಿರಗದ ಮಳೆಗೆ ಮೊದಲು ಅಣ್ಣ ಬಿತ್ತುವ ಬೀಜ ಕೊಳ್ಳಲು ಅಣ್ಣಿಗೇರಿಗೆ ಬಂದಿದ್ದ. ಸಂಜೆ ಈರಣ್ಣನ ಜೊತೆ ನಮ್ಮ ಕಟ್ಟೆಯ ಮೇಲೆ ಕೂತಿದ್ದಾಗ ಗಾಳಿ ತಿರುಗಿ, ಮಣ್ಣಿನ ವಾಸನೆ ಬಂದು, ದಪ್ಪ ದಪ್ಪ ಹನಿ ಬಿದ್ದವು. ಹಿಂದೆಲ್ಲ ಮೊದಲ ಮಳೆಗೆ ಅಣ್ಣ ಅಂಗಳಕ್ಕೆ ಇಳಿದು ಮುಖವೆತ್ತಿ ನಿಲ್ಲುತ್ತಿದ್ದ. ಈ ಸಲ ಅಂಗೈ ಚಾಚಿ ಒಂದೆರಡು ಹನಿ ಹಿಡಿದು, ಈರಣ್ಣನ ಕಡೆ ತಿರುಗಿದ.

“ಅಲ್ಲೆ ಹ್ಯಾಂಗ ಐತಂತ ಮಳಿ?”

ಅಲ್ಲೆಂದರೆ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಭೀಮೆಯ ಆಚೆ ಇನ್ನೂ ಹನಿ ಬಿದ್ದಿಲ್ಲ, ತಾತ್ಯಾ ಹೊಲ ಹರಗಿ ಹಸನು ಮಾಡಿ ಆಕಾಶ ನೋಡುತ್ತ ಕೂತಿದ್ದಾನಂತೆ ಎಂದು ಈರಣ್ಣ ಹೇಳಿದ. ಅಣ್ಣ ಹೂಂ ಅಂದ. ಆ ಹೂಂ ಸಂತೋಷದ್ದೋ ಸಂಕಟದ್ದೋ ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ದೀಪ ಹಚ್ಚುವ ಹೊತ್ತಾಗಿತ್ತು. ನಾನು ದೇವರ ಮುಂದೆ ಎಣ್ಣೆ ಹಾಕಿ ಕೈ ಮುಗಿದೆ. ಮಳೆ ಬೇಡಿಕೊಳ್ಳುವುದು ನಮ್ಮಲ್ಲಿ ಪದ್ಧತಿ. ಆದರೆ ಎಲ್ಲಿಗೆ ಬೇಡಲಿ? ಎರಡೂ ಕಡೆ ಬಿದ್ದರೆ ಎರಡೂ ಕಡೆ ಬೆಳೆದು ದರ ಬೀಳುತ್ತದೆ. ನಮಗಷ್ಟೇ ಎಂದರೆ, ನನ್ನ ಕೈಯ ರೊಟ್ಟಿ ಉಂಡು ಹೋದವನು ಕಣ್ಮುಂದೆ ಬರುತ್ತಾನೆ. ನಾನು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಿರಬೇಕು. ಅತ್ತೆಯವರು ಅಷ್ಟೊಂದು ಏನು ಬೇಡಿಕೊಂಡಿ ಎಂದು ಕೇಳಿದರು. ಮಳೆ ಎಂದೆ.

“ಎಲ್ಲಿಗೆ ಬೇಡಿದಿ?” ಅಣ್ಣ ಬಾಗಿಲಲ್ಲಿ ನಿಂತು ಕೇಳಿದ, ಅವನ ಬೆನ್ನ ಹಿಂದೆ ಈರಣ್ಣ.

ಮೂವರೂ ನನ್ನ ಮುಖ ನೋಡುತ್ತಿದ್ದರು.

“ಎಲ್ಲಾ ಕಡೀಗೂ,” ಅಂದೆ.

ಅಣ್ಣ ಹೊರಗಿನ ಮಳೆಯ ಕಡೆ ನೋಡಿದ. ಆಮೇಲೆ ಬೀಜದ ಚೀಲ ಹೆಗಲಿಗೇರಿಸಿಕೊಂಡು, ಅದು ನೆನೆಯದಂತೆ ಮೇಲೆ ಕಂಬಳಿ ಎಳೆದುಕೊಂಡ.

“ಆಗ್ಲಿ. ಎಲ್ಲಾ ಕಡೀಗೂ ಆಗ್ಲಿ,” ಅಂದ. “ನಮ್ಮ ಕಡೆ ಒಂದೀಟ ಮೊದಲ ಬರ್ಲಿ ಅಂತ ಹೇಳು.”